ಕುದುರೆ ಮೇಲೆ ಉಂಡ ರೊಟ್ಟಿ

ಕುದುರಿ ಆಯಿಗೆ ಬಸ್ಸೆಂದರೆ ಪ್ರಾಣಭಯ. ಹೊರ್ತಿಯಿಂದ ಇಂಡಿಗೆ ಹೋಗುವ ಬಸ್ಸಿನಲ್ಲಿ ಒಮ್ಮೆ ಅವಳ ಪಕ್ಕ ಕುಳಿತಿದ್ದೆ. ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಿಂದ ಅವುಚಿ ಹಿಡಿದು, ಕಣ್ಣು ಮುಚ್ಚಿ, ತುಟಿಯಲ್ಲೇ ಶಿವ ಶಿವ ಎನ್ನುತ್ತಿದ್ದಳು. ಊರೆಲ್ಲ ಕುದುರೆ ಏರಿ ತಿರುಗಿದ ಹೆಂಗಸು ಬಸ್ಸಿಗೆ ಹೆದರುವುದೇ ಎಂದು ನನಗೆ ನಗು ಬಂತು. ಕೇಳಿಯೂ ಬಿಟ್ಟೆ. ಕಣ್ಣು ತೆರೆಯದೆಯೇ ಉತ್ತರ ಕೊಟ್ಟಳು.

"ಕುದುರಿ ಮ್ಯಾಲ ಕುಂತ್ರ ಅದರ ಕಿವಿ ಕಾಣ್ತಾವ. ಕಿವಿ ನೋಡಿದ್ರ ಮುಂದ ಏನ ಮಾಡತೈತಿ ತಿಳೀತೈತಿ. ಈ ಡ್ರಾಯವರಂದು ಬರೇ ಕುತ್ತಿಗಿ ಕಾಣಾಕತ್ತೈತಿ. ಏನಂತ ನಂಬಲಿ?"

ಆಯಿ ಮೊನ್ನೆ ತೀರಿಕೊಂಡಳು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ನಮ್ಮೂರಿನ ಅರ್ಧ ಮಂದಿಗೆ ಯಾರೆಂದು ತಿಳಿಯಲಿಕ್ಕಿಲ್ಲ. ಎಲ್ಲರಿಗೂ ಅವಳು ಕುದುರಿ ಆಯಿ. ನನಗೆ ರಕ್ತಸಂಬಂಧದ ಅಜ್ಜಿಯೇನಲ್ಲ, ಹೊರ್ತಿಯಲ್ಲಿ ನಮ್ಮ ಮನೆಗೂ ಅವಳ ಮನೆಗೂ ಒಂದೇ ಗೋಡೆ, ಅಷ್ಟೇ. ಆದರೆ ಗೋಡೆಯ ಆಚೆಯಿಂದ ಅವಳು ಕೆಮ್ಮಿದರೆ ಈಚೆ ನಮ್ಮ ಅವ್ವ ಶುಂಠಿ ಕುಟ್ಟುತ್ತಿದ್ದಳು. ಅಂಥವಳನ್ನು ಬಹುವಚನದಲ್ಲಿ ಕರೆದು ನನಗೆ ರೂಢಿಯಿಲ್ಲ, ಬರೆಯಲೂ ಬರುವುದಿಲ್ಲ.

ಕಪ್ಪು ಅಂಚಿನ ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಡುತ್ತಿದ್ದಳು. ಕಾಲಲ್ಲಿ ಗಂಡಸರ ಕೆರ. ಸೊಂಟಕ್ಕೆ ಸಿಕ್ಕಿಸಿದ ಸಂಚಿಯಲ್ಲಿ ಒಂದು ಕಡೆ ಎಲೆ ಅಡಿಕೆ, ಇನ್ನೊಂದು ಕಡೆ ಬೆಲ್ಲದ ಚೂರು. ಎಲೆ ತನಗೆ, ಬೆಲ್ಲ ಕುದುರೆಗೆ. ನೆಂಟರು ಬಂದರೆ ಚಹಾಕ್ಕೆ ಸಕ್ಕರೆ ಹಾಕಲು ಕೈ ಬಿಗಿ ಹಿಡಿಯುತ್ತಿದ್ದವಳು ಕುದುರೆಗೆ ಬೆಲ್ಲ ಕೊಡುವಾಗ ಮಾತ್ರ ಮಹಾದಾನಿ. ಚೌಕಾಬಾರಾ ಆಡಲು ಕುಳಿತರೆ ಕಣ್ಣೆದುರೇ ಕವಡೆ ಹೊರಳಿಸುತ್ತಿದ್ದಳು, ಹಿಡಿದರೆ ಜಗಳಕ್ಕೇ ನಿಲ್ಲುತ್ತಿದ್ದಳು. ಸುಳ್ಳನ್ನಂತೂ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಹೇಳುತ್ತಿದ್ದಳು. ನಡೆಯಲು ಕಲಿಯುವ ಮೊದಲೇ ಅಪ್ಪ ತನ್ನನ್ನು ಕುದುರೆ ಮೇಲೆ ಕೂಡಿಸಿದ್ದ ಎನ್ನುವುದು ಅವಳ ಖಾಯಂ ಕಥೆ. "ಆಕಿ ಹೇಳೂದ್ರಾಗ ಅರ್ಧ ಸೋಸಿ ತಗೋಬೇಕು" ಎಂದು ನಮ್ಮ ಅವ್ವ ನಗುತ್ತಿದ್ದಳು.

ಸೋಸಿದ ಮೇಲೆ ಉಳಿಯುವುದು ಇಷ್ಟು. ಅವಳ ಅಪ್ಪನಿಗೆ ಲಿಂಬೆ ತೋಟವಿತ್ತು, ಗಂಡು ಮಕ್ಕಳಿರಲಿಲ್ಲ. ತೋಟ ಸುತ್ತಿ ಬರಲು ಇಟ್ಟುಕೊಂಡಿದ್ದ ಕುದುರೆಯನ್ನು ಮಗಳಿಗೆ ಬಿಟ್ಟುಕೊಟ್ಟ. ಮುದ್ದೇಬಿಹಾಳದ ಕಡೆ ಮದುವೆ ಮಾಡಿಕೊಟ್ಟರು. ಕೆಲವು ವರ್ಷಗಳ ನಂತರ ಹೊರಳಿ ಬಂದು ತವರಿನಲ್ಲೇ ಉಳಿದಳು. ಮುದ್ದೇಬಿಹಾಳದಿಂದ ಹೊರ್ತಿಯವರೆಗೆ ಕುದುರೆ ಮೇಲೆಯೇ ಬಂದೆ ಎನ್ನುತ್ತಿದ್ದಳು. ಕೆಂಪು ಬಸ್ಸಿನಿಂದ ಇಳಿದದ್ದನ್ನು ನಾನೇ ನೋಡಿದ್ದೇನೆ ಎಂದು ಅವ್ವ. ಇಬ್ಬರೂ ಆ ವಿಷಯದಲ್ಲಿ ಕೊನೆಯವರೆಗೆ ರಾಜಿಯಾಗಲಿಲ್ಲ.

ನಾನು ಹೇಳಬೇಕಾದದ್ದು ಚಂದ್ರಿಯ ಕಾಲದ ಮಾತು. ಚಂದ್ರಿ ಅವಳ ಕೊನೆಯ ಕುದುರೆ, ಹಣೆಯ ಮೇಲೆ ಬಿಳಿ ಬೊಟ್ಟಿದ್ದ ಕೆಂಪು ಹೆಣ್ಣು ಕುದುರೆ. ವಿಜಯಪುರದಲ್ಲಿ ಆಟೋಗಳು ಹೆಚ್ಚಾಗಿ ಟಾಂಗಾ ಹತ್ತುವವರು ಇಲ್ಲವಾದಾಗ ಒಬ್ಬ ಟಾಂಗಾದವನಿಂದ ಕೊಂಡು ತಂದಿದ್ದಳು. ವರ್ಷಗಟ್ಟಲೆ ಲಗಾಮು ಜಗ್ಗಿ ಜಗ್ಗಿ ಅದರ ಬಾಯಿ ಮರಗಟ್ಟಿತ್ತು, ಚಾಬೂಕಿನ ಏಟಿಗೆ ಚರ್ಮ ದಡ್ಡು ಕಟ್ಟಿತ್ತು. ಲಗಾಮು ಎಳೆದರೆ ನಿಲ್ಲುತ್ತಿರಲಿಲ್ಲ. ಹಿಮ್ಮಡಿಯಿಂದ ಒತ್ತಿದರೆ ನಡೆಯುತ್ತಿರಲಿಲ್ಲ. ಕೂಗಿದರೆ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಊರವರು ಕಿವುಡಿ ಎಂದರು. ಆಯಿ ಒಪ್ಪಲಿಲ್ಲ.

"ಕಿವುಡಿ ಅಲ್ಲ. ಬೆಲ್ಲದ ಕಾಗದಾ ಬಿಚ್ಚಿದ್ರ ಓಣಿ ಆಚಿಂದ ಕೇಳತೈತಿ. ಮಂದಿ ಮಾತ ಕೇಳಿ ಕೇಳಿ ಬ್ಯಾಸರಾಗೇತಿ, ಅಷ್ಟ."

ಇಂಥ ಕುದುರೆ ಮದುವೆಗೆ ಹೇಳಿ ಮಾಡಿಸಿದ್ದು. ನಮ್ಮ ಕಡೆ ಮದುಮಗನ ದಿಬ್ಬಣ ಬೀಗರ ಊರು ತಲುಪಿದರೆ ಮೊದಲು ಹಣಮಪ್ಪನ ಗುಡಿಯಲ್ಲಿ ಇಳಿಯುತ್ತದೆ. ಹೆಣ್ಣಿನವರು ಬಂದು ಎದುರುಗೊಳ್ಳುತ್ತಾರೆ. ಅಲ್ಲಿಂದ ಹಂದರದವರೆಗೆ ಮದುಮಗ ಕುದುರೆ ಮೇಲೆ ಬರಬೇಕು. ಬಾಜಾ, ಪಟಾಕಿ, ಈಚೆಗೆ ಡಿಜೆ. ಬೇರೆ ಕುದುರೆಗಳು ಬೆದರಿ ಕುಣಿಯುತ್ತಿದ್ದರೆ ಚಂದ್ರಿ ಪಟಾಕಿಯ ಹೊಗೆಯಲ್ಲಿ ತೂಕಡಿಸುತ್ತಿತ್ತು. ಆಯಿ ಕೇಳಿದವರಿಗೆಲ್ಲ ಕೊಡುತ್ತಿದ್ದಳು, ಬಾಡಿಗೆ ಮುಟ್ಟುತ್ತಿರಲಿಲ್ಲ. ಕುದುರೆಯ ಜೊತೆ ತಾನೂ ಹೋಗಿ, ಹುಗ್ಗಿ ಉಂಡು, ಹುಗ್ಗಿಗೆ ತುಪ್ಪ ಸಾಲದು ಎಂದು ಕೊಂಕು ತೆಗೆದು ಬರುವುದೇ ಅವಳ ಬಾಡಿಗೆ.

ಆದರೆ ಚಂದ್ರಿ ನಡುದಾರಿಯಲ್ಲಿ ನಿಂತುಬಿಡುತ್ತಿತ್ತು. ಯಾಕೆ ನಿಂತಿತು, ಯಾವಾಗ ಹೊರಡುತ್ತದೆ ಎನ್ನುವುದು ಅದಕ್ಕೂ ಗೊತ್ತಿರಲಿಲ್ಲವೇನೋ. ಅದು ಹಾಗೆ ನಿಂತಾಗ ಇಂಡಿ ಕಡೆಯ ಒಬ್ಬ ಮದುಮಗ ಅವಸರಪಟ್ಟು ಒದ್ದ, ಜಗ್ಗಿದ, ಕುತ್ತಿಗೆಯ ಮೇಲೆ ಬಾಗಿ ಹುರಿದುಂಬಿಸಿದ. ಅವನು ಬಾಗಿ ಅರ್ಧ ಮೇಲೆದ್ದಿದ್ದಾಗಲೇ ಚಂದ್ರಿಗೆ ಹೊರಡುವ ಮನಸ್ಸಾಯಿತು. ಕುದುರೆ ಮುಂದೆ ಹೋಯಿತು, ಮದುಮಗ ಬಾಸಿಂಗ ಸಮೇತ ಸಗಣಿಯಲ್ಲಿ ಉಳಿದ.

ಆಮೇಲೆ ಆಯಿ ಒಂದು ಕಟ್ಟಳೆ ಮಾಡಿದಳು. ಯಾವ ಮದುಮಗನಿಗೆ ಚಂದ್ರಿ ಬೇಕೋ ಅವನು ಮದುವೆಗೆ ಮೊದಲು ಬಂದು, ಅವಳ ಅಂಗಳದಲ್ಲಿ ಕುದುರೆ ಮೇಲೆ ಕುಳಿತು ಒಂದು ಹೊತ್ತಿನ ಊಟ ಮಾಡಬೇಕು. ಎಡ ಅಂಗೈ ಮೇಲೆ ಜೋಳದ ರೊಟ್ಟಿ, ರೊಟ್ಟಿ ಮೇಲೆ ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ. ಬಲಗೈಯಿಂದ ಮುರಿದು ತಿನ್ನಬೇಕು. ಎರಡೂ ಕೈಗೆ ಕೆಲಸ, ಲಗಾಮು ಹಿಡಿಯಲು ಕೈಯೇ ಇಲ್ಲ. ಅಷ್ಟರಲ್ಲಿ ಆಯಿ ಕುದುರೆಯನ್ನು ಅಂಗಳದಲ್ಲಿ ಸುತ್ತಿಸುವಳು, ನಿಲ್ಲಿಸುವಳು, ಹಿಂದಿನಿಂದ ಬಂದು ಒಮ್ಮೆಲೇ ನೂಕುವಳು. ಪಲ್ಯದ ಎಣ್ಣೆ ಒಂದು ಹನಿ ಕುದುರೆ ಬೆನ್ನಿಗೆ ಬಿಗಿದ ಜೀನಿನ ಮೇಲೆ ಬಿದ್ದರೂ "ನಾಳಿ ಮತ್ತ ಬಾ". ಊರಿನ ಎಷ್ಟೋ ಗಂಡಸರು ಅವಳ ಅಂಗಳದಲ್ಲಿ ಹೀಗೆ ಉಂಡು ಸಂಸಾರಿಗಳಾದರು.

ನನ್ನ ಸರದಿ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ. ಸಣ್ಣವನಿದ್ದಾಗ ಬಂದ ಜ್ವರದಲ್ಲಿ ನನ್ನ ಎಡಗಾಲು ಬತ್ತಿತು. ಆ ಮೊಣಕಾಲನ್ನು ಕೈಯಿಂದ ಒತ್ತಿಕೊಂಡು ನಡೆಯುತ್ತೇನೆ. ಸಿಂದಗಿಯಲ್ಲಿ ಚಸ್ಮಾ ಅಂಗಡಿ ಹಾಕಿ, ಕೈಗೆ ನಾಲ್ಕು ಕಾಸು ಬಂದ ಮೇಲೂ ಕನ್ಯೆ ನೋಡಲು ಹೋದಲ್ಲೆಲ್ಲ ಜನ ಮೊದಲು ನನ್ನ ಕಾಲು ನೋಡುತ್ತಿದ್ದರು, ಆಮೇಲೆ ಚಹಾ ಕೊಡುತ್ತಿದ್ದರು. ಬಸವನ ಬಾಗೇವಾಡಿ ತಾಲೂಕಿನ ಹೂವಿನ ಹಿಪ್ಪರಗಿಯಲ್ಲಿ ಮಾತ್ರ ಹುಡುಗಿ ನೇರವಾಗಿ ಮುಖ ನೋಡಿದಳು. ಮನೆಯಲ್ಲಿ ಯಾರಿಗೂ ಮನಸ್ಸಿರಲಿಲ್ಲ. "ನಾ ಇವರನ್ನ ಮಾಡ್ಕೊಳ್ಳಾಕಿ" ಎಂದು ಹಟ ಹಿಡಿದು ಒಪ್ಪಿಸಿದವಳು ಅವಳೇ.

ಮದುವೆ ಗೊತ್ತಾದ ಮೇಲೆ ಅವಳ ಸೋದರಮಾವ ಫೋನ್ ಮಾಡಿದರು. ದೊಡ್ಡ ಮೈಯ, ದೊಡ್ಡ ದನಿಯ, ಒಳ್ಳೆಯ ಮನುಷ್ಯ. "ಅಳಿಯಂದ್ರ, ನಿಮಗ್ಯಾಕ್ರಿ ಕುದುರಿ? ನಮ್ಮ ಕಾರ ಐತಿ. ಗುಡಿಯಿಂದ ಹಂದರಕ್ಕ ಸೀದಾ ತಂದ ಇಳಸ್ತೇವಿ. ನಿಮಗ ತ್ರಾಸ ಆಗಬಾರದು ನೋಡ್ರಿ."

ಅವರ ಮಾತಿನಲ್ಲಿ ಕೆಟ್ಟದ್ದೇನಿರಲಿಲ್ಲ. ಅದಕ್ಕೇ ಹೆಚ್ಚು ನೋವಾಯಿತು. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಅವ್ವ ಫೋನ್ ಕಸಿದುಕೊಂಡು, "ನನ್ನ ಮಗಾ ಕುದುರಿ ಮ್ಯಾಲ ಬರ್ತಾನ್ರಿ. ಒಬ್ಬಾಂವನ ಬರ್ತಾನ, ಯಾರೂ ಹಿಡಿಯೂದು ಬ್ಯಾಡ" ಎಂದುಬಿಟ್ಟಳು. ಫೋನ್ ಇಟ್ಟ ಮೇಲೆ ಇಬ್ಬರೂ ನನ್ನ ಎಡಗಾಲನ್ನೇ ನೋಡಿದೆವು. ನಾನು ಬಿದ್ದರೆ ನನ್ನ ಮಾನ ಹೋಗುತ್ತದೆ, ಅದು ನನಗೆ ಹೊಸದೇನಲ್ಲ. ಆದರೆ ಇಡೀ ಮನೆಯನ್ನು ಎದುರು ಹಾಕಿಕೊಂಡು ನನ್ನನ್ನು ಒಪ್ಪಿದ ಹುಡುಗಿ ಅಲ್ಲಿ ನಿಂತಿರುತ್ತಾಳೆ. ನಾನು ಬಿದ್ದರೆ ಅವಳ ಮಾತೂ ಬೀಳುತ್ತದೆ. ನಾವು ಹೇಳಿದ್ದೆವಲ್ಲ ಎನ್ನುವುದನ್ನು ಅವಳು ಜೀವಮಾನವೆಲ್ಲ ಕೇಳಬೇಕು.

ಮರುದಿನವೇ ಗೋಡೆಯಾಚೆ ಹೋದೆ. ಆಯಿ ನನ್ನನ್ನು ಕಟ್ಟೆಯ ಮೇಲಿಂದ ಕುದುರೆ ಹತ್ತಿಸಿದಳು. ನಾನು ಎಂದಿನಂತೆ ಧೋತರವನ್ನು ಎಡಗಾಲಿನ ಮೇಲೆ ಎಳೆದುಕೊಂಡೆ. ಅವಳು ಅದನ್ನು ಸರಿಸಿ ಕಾಲನ್ನು ಮೊಣಕಾಲಿನಿಂದ ಹಿಮ್ಮಡಿಯವರೆಗೆ ಒತ್ತಿ ನೋಡಿದಳು. ನನ್ನ ಕಾಲನ್ನು ಅವ್ವ ಬಿಟ್ಟರೆ ಯಾರೂ ಹಾಗೆ ಮುಟ್ಟಿರಲಿಲ್ಲ. ಪಾಪ ಎನ್ನುತ್ತಾಳೆಂದು ಕಾಯ್ದೆ.

"ಇದು ಗಿಡ್ಡ ಐತಿ. ಹಂಗಾರ ಈ ಕಡೆ ರಿಕಾಪು ಮ್ಯಾಲ ಕಟ್ಟಬೇಕು" ಎಂದು ಕಾಲಿಡುವ ಕಬ್ಬಿಣದ ಬಳೆಯ ಪಟ್ಟಿಯನ್ನು ಎತ್ತರಿಸಿ ಬಿಗಿದಳು. ಕಾಲಿನ ಮಾತು ಅಲ್ಲಿಗೆ ಮುಗಿಯಿತು.

ಚಂದ್ರಿ ನಿಂತೇ ಇತ್ತು. ನಾನು ಲಗಾಮು ಜಗ್ಗಿದೆ, ಗಟ್ಟಿ ಕಾಲಿನಿಂದ ಒದ್ದೆ, ಹೊಯ್ ಹೊಯ್ ಎಂದೆ. ಬಾಲ ಕೂಡ ಅಲ್ಲಾಡಲಿಲ್ಲ.

"ಆಯಿ, ಇದು ನಡೀವಲ್ಲದು."

"ಅದಕ್ಕ ನಿನಗೇನಾತು? ನೀ ಕುಂತಿರು."

"ನಡೀಲಿಲ್ಲಂದ್ರ?"

"ಕುದುರಿ ನಡೀಲಿಲ್ಲಂತ ಯಾವನೂ ಬಿದ್ದಿಲ್ಲೋ. ನಡಸಾಕ ಹೋಗಿ ಬಿದ್ದಾರ."

ಹತ್ತಿರ ಬಂದು ನನ್ನ ಸೊಂಟಕ್ಕೆ ಗುದ್ದಿದಳು. "ಒದ್ಯಾಕ ಹೋದ್ರ ಮೈ ಮುಂದ ಬಾಗತೈತಿ. ಜಗ್ಗಾಕ ಹೋದ್ರ ಕುಂಡಿ ಏಳತೈತಿ. ಲಗಾಮು ಕೈಯಾಗ ಇರತೈತಿ ಖರೆ, ನಿನ್ನ ಹಿಡದಿರೂದು ಕುಂಡಿ. ಅದು ಎದ್ದಿತಂದ್ರ ನೀ ಕುದುರಿ ಮ್ಯಾಲ ಇಲ್ಲ, ಗಾಳ್ಯಾಗ ಇದ್ದಿ. ಒಂದ ಸಲ ಹೇಳು, ನಡಿಯವಾ ಅಂತ. ಆಮ್ಯಾಲ ಸುಮ್ಮ ಕುಂದ್ರು. ಉಸರ ಕೆಳಗ ಬಿಡು. ಕಾಲಿನ ಭಾರ ಕೆಳಗ ಬಿಡು. ಸಣ್ಣ ಕಾಲಿಗೂ ಭಾರ ಇರತೈತಿ."

ಕೊನೆಯ ಮಾತನ್ನು ಅವಳು ಬೇರೆಯವುಗಳಂತೆಯೇ, ಎಲೆ ಅಗಿಯುತ್ತ ಹೇಳಿದಳು. ನನಗೆ ಮಾತ್ರ ಕಣ್ಣು ತುಂಬಿ ಬಂತು, ಮೇಲೆ ಕುಳಿತಿದ್ದರಿಂದ ಅವಳಿಗೆ ಕಾಣಲಿಲ್ಲ.

ಮೊದಲ ಊಟದಲ್ಲಿ ಪಲ್ಯವೆಲ್ಲ ಜೀನಿನ ಮೇಲೆ. "ನಾಳಿ ಮತ್ತ ಬಾ." ಮರುದಿನ ಹಿಂಡಿ ಚೆಲ್ಲಿ ಚಂದ್ರಿಯ ಕುತ್ತಿಗೆಯ ಕೂದಲಿಗೆ ಮೆತ್ತಿತು. "ನಾಳಿ ಮತ್ತ ಬಾ." ಗಮನವೆಲ್ಲ ಕಾಲಿನ ಮೇಲಿದ್ದಷ್ಟು ದಿನ ಚೆಲ್ಲುತ್ತಲೇ ಇತ್ತು. ಒಂದು ದಿನ ಬದನೆಕಾಯಿಗೆ ಕಾರ ಹೆಚ್ಚಾಗಿತ್ತು. ನಾನು ಬೈಯುತ್ತ, ಮೂಗು ಸೋರಿಸುತ್ತ ತಿಂದು ಮುಗಿಸಿದೆ. ಕೆಳಗೆ ನೋಡಿದರೆ ಆಯಿ ಕುದುರೆಯನ್ನು ಸುತ್ತಿಸಿ, ನಿಲ್ಲಿಸಿ, ನೂಕಿ, ಸುಸ್ತಾಗಿ ಕಟ್ಟೆಯ ಮೇಲೆ ಕುಳಿತು ನಗುತ್ತಿದ್ದಳು. ಜೀನಿನ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಕಾರ ಬೇಕೆಂದೇ ಹಾಕಿದ್ದಳೋ ಕೈ ತಪ್ಪಿತ್ತೋ, ಕೇಳಿದರೆ ಬೇಕೆಂದೇ ಹಾಕಿದೆ ಎಂದಳು. ಸೋಸಿ ತೆಗೆದುಕೊಳ್ಳಬೇಕಾದ ಮಾತು.

ಆ ದಿನಗಳಲ್ಲೇ ಒಮ್ಮೆ, ಆಯಿ, ನೀ ಎಂದಾದರೂ ಬಿದ್ದೀಯಾ ಎಂದು ಕೇಳಿದೆ. ಇಲ್ಲ ಎನ್ನುತ್ತಾಳೆಂದೇ ತಿಳಿದಿದ್ದೆ.

"ಬಿದ್ದೇನಿ. ಮುದ್ದೇಬಿಹಾಳದಾಗ."

"ಅಲ್ಲೂ ಕುದುರಿ ಇತ್ತೇನು?"

"ಕುದುರಿ ಅಲ್ಲೋ, ಗಂಡ" ಎಂದು ನಕ್ಕಳು. "ಕೆಟ್ಟಾಂವ ಅಲ್ಲ. ಮಾತಾಡಸಿದ್ರ ಮಾತಿಲ್ಲ, ನಕ್ರ ನಗಿ ಇಲ್ಲ, ಅತ್ರ ತಿರಗಿ ನೋಡೂದಿಲ್ಲ. ಅಂವನ ಒಂದ ಮಾತಿಗೆ ವರ್ಷಗಟ್ಟಲೆ ಗುದ್ದಾಡಿದೆ. ನನ್ನ ಮೈ ಮ್ಯಾಲ ನನಗ ಹಿಡಿತ ಉಳೀಲಿಲ್ಲ, ಖರೆನ ಹುಚ್ಚಿ ಆಗಿದ್ದೆ."

"ಸುಮ್ಮ ಕುಂತಿರಬೇಕಿತ್ತೇನು, ಆಯಿ?"

ಅವಳು ಚಂದ್ರಿಯ ಹಣೆ ತಿಕ್ಕಿದಳು. "ಇಲ್ಲ. ಇಳೀಬೇಕಿತ್ತು. ಬೀಳೂದಕ್ಕೂ ಇಳಿಯೂದಕ್ಕೂ ಫರಕ ಐತಿ. ನಾ ಬಿದ್ದ ಮ್ಯಾಲ ಎದ್ದ ಬಂದೆ."

ಅದೊಂದು ಮಾತನ್ನು ನಾನು ಸೋಸಲಿಲ್ಲ.

ಮದುವೆಯ ದಿನ ಚಂದ್ರಿಯನ್ನು ಟೆಂಪೋದಲ್ಲಿ ಹೂವಿನ ಹಿಪ್ಪರಗಿಗೆ ಒಯ್ದೆವು. ಆಯಿ ಡ್ರೈವರನ ಪಕ್ಕ ಕೂರಲು ಒಪ್ಪದೆ ಹಿಂದೆ ಕುದುರೆಯ ಕುತ್ತಿಗೆ ತಬ್ಬಿ ನಿಂತೇ ಬಂದಳು. ಗುಡಿಯ ಮುಂದೆ ನನ್ನನ್ನು ಹತ್ತಿಸಿದರು. ತಲೆಗೆ ರುಮಾಲು, ಹಣೆಗೆ ಬಾಸಿಂಗ. ಸೋದರಮಾವ ಎರಡೂ ಬದಿಗೆ ಇಬ್ಬಿಬ್ಬರು ಗಟ್ಟಿ ಆಳುಗಳನ್ನು ನಿಲ್ಲಿಸಿದ್ದರು. ಆಯಿ ಅವರನ್ನು ಗದರಿಸಿ ಅಟ್ಟಿದಳು. "ಹಿಡಕೊಂಡ್ರ ಇಂವ ನಿಮ್ಮ ಮ್ಯಾಲ ಕುಂದರ್ತಾನ, ಕುದುರಿ ಮ್ಯಾಲ ಅಲ್ಲ. ಸರೀರಿ ಅತ್ತಾಗ." ತಾನೊಬ್ಬಳೇ ನನ್ನ ಎಡಗಡೆ ನಡೆದಳು. ಅವಳ ಒಂದು ಕೈ ಶಲ್ಯದ ಮರೆಯಲ್ಲಿ ನನ್ನ ಮೊಣಕಾಲಿನ ಮೇಲಿತ್ತು. ಯಾರಿಗೂ ಕಾಣುತ್ತಿರಲಿಲ್ಲ. ಆ ಕೈ ಇರುವವರೆಗೆ ನನಗೆ ಲೋಕದಲ್ಲಿ ಭಯವಿರಲಿಲ್ಲ.

ಹಂದರ ಕಾಣುವಷ್ಟು ಹತ್ತಿರ ಬಂದಾಗ, ಹಿಟ್ಟಿನ ಗಿರಣಿಯ ಮುಂದೆ, ಚಂದ್ರಿ ನಿಂತಿತು.

ಬಾಜಾದವರು ಮುಂದೆ ಹೋಗಿ ಹಿಂದೆ ಬಂದರು. ಹುಡುಗರು ಪಟಾಕಿ ಹಚ್ಚಿದರು. ಕುದುರೆಗೆ ಕೂಗಿದರು, ನನಗೆ ಕೂಗಿದರು. "ಅಕ್ಕಿಕಾಳಿನ ಹೊತ್ತು ಮೀರತೈತಿ" ಎಂದು ಯಾರೋ, "ಇಳಸ್ರಿ, ಪಾಪ, ಕಾರ ತರ್ರಿ" ಎಂದು ಇನ್ಯಾರೋ. ಮಾಳಿಗೆಯ ಮೇಲೆ ಹೆಂಗಸರ ಗುಂಪು, ಅದರ ನಡುವೆ ಅರಿಶಿನದ ಸೀರೆಯೊಂದು ಕಂಡಿತು. ನನ್ನ ಗಟ್ಟಿ ಕಾಲು ಒದೆಯಲು ತಾನಾಗಿಯೇ ಎದ್ದಿತ್ತು. ಆಗ ಆಯಿ ಮೊಣಕಾಲಿನಿಂದ ಕೈ ತೆಗೆದಳು. ತೆಗೆದವಳು ಅಲ್ಲಿ ನಿಲ್ಲಲೂ ಇಲ್ಲ, ನಡೆದುಹೋಗಿ ಗಿರಣಿಯ ಕಟ್ಟೆಯ ಮೇಲೆ ಕುಳಿತಳು.

"ಆಯಿ, ಎಲ್ಲಿ ಹೊಂಟಿ?" ಎಂದೆ.

"ಕಾಲ ನೋಯಾಕತ್ತಾವ. ನೀ ಆರಾಮ ಕುಂತೀದಿ, ನಾ ಯಾಕ ನಿಂದ್ರಲಿ?" ಎಂದು ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚತೊಡಗಿದಳು. ಆಮೇಲೆ ಬಾಜಾದ ಮೇಲೆ ಕೇಳುವಂತೆ ಕೂಗಿದಳು. "ಉಂಡಿಯೇನೋ?"

ಮುಹೂರ್ತದ ಅಕ್ಕಿಕಾಳು ತಲೆ ಮೇಲೆ ಬೀಳುವವರೆಗೆ ಮದುಮಗ ಉಪವಾಸ. ಜನ ಗೊಳ್ಳೆಂದು ನಕ್ಕರು, ಮುದುಕಿಗೆ ಅರಳುಮರಳು ಎಂದುಕೊಂಡರು. ನಾನು ಲಗಾಮು ಬಿಟ್ಟೆ. ಎಡ ಅಂಗೈಯನ್ನು ಎದೆಯ ಮುಂದೆ ಒಡ್ಡಿ, ಅದರ ಮೇಲೆ ರೊಟ್ಟಿ ಇದೆ, ರೊಟ್ಟಿ ಮೇಲೆ ಬದನೆಕಾಯಿ ಇದೆ ಎಂದುಕೊಂಡೆ. ಉಸಿರು ಕೆಳಗೆ ಇಳಿಯಿತು. ಕಾಲುಗಳು ತೂಗಿದವು, ಎರಡೂ. ಅಷ್ಟರಲ್ಲಿ ಸೋದರಮಾವನ ತಾಳ್ಮೆ ಮುಗಿದು ಅವರು ಚಂದ್ರಿಯ ಬೆನ್ನಿಗೆ ಶಲ್ಯದಿಂದ ಬಾರಿಸಿದರು. ಚಂದ್ರಿ ಒಮ್ಮೆಲೇ ಮುಂದಕ್ಕೆ ಹಾರಿತು. ಹೆಂಗಸರು ಹಾ ಎಂದದ್ದು ಕೇಳಿತು. ಬಾಸಿಂಗ ಮೂಗಿನ ಮೇಲೆ ಜಾರಿತು. ನಾನು ಜೀನಿನಲ್ಲೇ ಇದ್ದೆ, ಅಂಗೈ ಒಡ್ಡಿಕೊಂಡೇ. ಕುದುರೆ ನಾಲ್ಕು ಹೆಜ್ಜೆ ಹಾರಿ, ಮತ್ತೆ ನಿಂತು, ತನಗೆ ಬೇಕಾದಷ್ಟು ಹೊತ್ತು ನಿಂತು, ಆಮೇಲೆ ತಾನಾಗಿ ಹಂದರದವರೆಗೆ ನಡೆಯಿತು. ಯಾರೂ ನನ್ನನ್ನು ಮುಟ್ಟಲಿಲ್ಲ.

ನನ್ನ ಹೆಂಡತಿ ಈಗಲೂ ಕಾಡುತ್ತಾಳೆ. "ಕುದುರಿ ಮ್ಯಾಲ ಕುಂತು ಕೈ ಯಾಕ ಒಡ್ಡಿದ್ರಿ? ಮಂದ್ಯಾಗ ಏನರ ಬೇಡಾಕತ್ತೀರೇನೋ ಅಂತ ತಿಳದಿದ್ನಿ." ಸೋದರಮಾವ ಅವತ್ತು ಆಯಿಯ ಎಲೆಗೆ ತಾವೇ ನಿಂತು ತುಪ್ಪ ಬಡಿಸಿದರು. ಆದರೂ ಸಾಲದು ಎಂದೇ ಹೇಳಿ ಬಂದಳು.

ಚಂದ್ರಿ ಆಯಿಗಿಂತ ಮೊದಲೇ ಹೋಯಿತು. ಆಯಿ ಬೇರೆ ಕುದುರೆ ತರಲಿಲ್ಲ. ಜೀನನ್ನು ಪಡಸಾಲೆಯ ಗೂಟಕ್ಕೆ ಹಾಕಿ, ವಾರಕ್ಕೊಮ್ಮೆ ಎಣ್ಣೆ ಒರೆಸುತ್ತಿದ್ದಳು. ನಾವು ಹೋದಾಗಲೆಲ್ಲ ಆ ಜೀನು ಇಳಿಸಿ ಕಟ್ಟೆಯ ಮೇಲಿಟ್ಟು, ನನ್ನ ಮಗಳನ್ನು ಅದರ ಮೇಲೆ ಕೂಡಿಸಿ, ರೊಟ್ಟಿ ಕೈಗೆ ಕೊಡುತ್ತಿದ್ದಳು.

ಮೊನ್ನೆ ಮುಂಜಾನೆ ಅವಳ ಅಕ್ಕನ ಮಗ ಫೋನ್ ಮಾಡಿದ. ಬೆಳಕು ಹರಿಯುವ ಹೊತ್ತಿಗೆ, ನಿದ್ದೆಯಲ್ಲಿ. ಸಿಂದಗಿಯಿಂದ ನಾನೂ ಹೆಂಡತಿಯೂ ಸಿಕ್ಕ ಬಸ್ಸು ಹತ್ತಿ ಹೋದೆವು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಹೂವಿನಿಂದ ಸಿಂಗರಿಸಿದ ವಿಮಾನದಲ್ಲಿ ಕೂಡಿಸಿಯೇ ಒಯ್ಯುತ್ತಾರೆ, ಮಣ್ಣಿನಲ್ಲೂ ಕೂಡಿಸಿಯೇ ಇಡುತ್ತಾರೆ. ನಾವು ಹೋಗುವಷ್ಟರಲ್ಲಿ ಆಯಿಯನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಅದೇ ಕಪ್ಪು ಅಂಚಿನ ಸೀರೆ, ಮೇಲೆ ಗೂಟದಲ್ಲಿ ಜೀನು. ದೇಹ ಇನ್ನೂ ಸೆಟೆದಿರಲಿಲ್ಲ, ಒಂದು ಕಡೆಗೆ ವಾಲುತ್ತಿತ್ತು. ಅಕ್ಕನ ಮಗ ಗೂಟಕ್ಕೆ ಬಿಗಿಯಲು ಒಂದು ಶಲ್ಯ ಹಿಡಿದು ನಿಂತಿದ್ದ. ಹಾಗೆ ಕಟ್ಟುವುದು ರೂಢಿ, ಯಾರೂ ತಪ್ಪು ತಿಳಿಯುವುದಿಲ್ಲ.

"ಕಟ್ಟಬ್ಯಾಡ್ರಿ" ಎಂದೆ. "ನಾ ಕುಂದರ್ತೇನಿ."

ಅವನು ನನ್ನನ್ನೂ ನನ್ನ ಕಾಲನ್ನೂ ನೋಡಿದ. "ಸಂಜಿ ಆಗತೈತ್ರಿ, ಎತ್ತೂದು."

"ಆಗಲಿ."

ಆಯಿಯ ಪಕ್ಕದಲ್ಲಿ ಗೋಡೆಗೆ ಬೆನ್ನು ಕೊಟ್ಟು ಕುಳಿತು, ಅವಳ ಭುಜಕ್ಕೆ ನನ್ನ ಭುಜ ಕೊಟ್ಟೆ. ಅವಳ ಭಾರವೆಲ್ಲ ನನ್ನ ಕಡೆ ಬಂತು. ಏನೂ ಇರಲಿಲ್ಲ, ಒಂದು ಚೀಲ ಹತ್ತಿಯಷ್ಟು. ಜನ ಬಂದರು, ಅತ್ತರು, ಹೂವು ಹಾಕಿದರು. ಭಜನೆಯವರು ಹಾಡಿದರು. ಒಂದೊಂದು ಸಲ ನಾನೂ ಅತ್ತೆ. ಆಯಿ ಎಂದು ಒಂದೇ ಸಲ ಮೆಲ್ಲಗೆ ಕರೆದೆ. ಆಮೇಲೆ ಸುಮ್ಮನೆ ಕುಳಿತೆ, ಅವಳು ಕಲಿಸಿದ ಹಾಗೆ. ಹೆಂಡತಿ ನೀರು ತಂದಳು. ಎಡಗಾಲು ಜೋಮು ಹಿಡಿದು ಕಲ್ಲಾಯಿತು.

ಹೊತ್ತು ಇಳಿಯಿತು. ವಿಮಾನ ಅಂಗಳಕ್ಕೆ ಬಂತು, ಚಂದ್ರಿ ಸುತ್ತುತ್ತಿದ್ದ ಅಂಗಳಕ್ಕೆ. "ಏಳ್ರಿ, ಹೊತ್ತಾತು" ಎಂದ ಅಕ್ಕನ ಮಗ. ನಾನು ಏಳಲಿಲ್ಲ. ಭುಜ ತೆಗೆದರೆ ಇಷ್ಟು ಜನರೆದುರು ಆಯಿ ವಾಲಿಬಿಡುತ್ತಾಳೆ ಎಂದು ಹೆದರಿಕೆ. ಹೆಂಡತಿ ಬಂದು ನನ್ನ ಕೈ ಹಿಡಿದಳು.

ಮೆಲ್ಲಗೆ ಭುಜ ಸರಿಸಿಕೊಂಡೆ.

ಆಯಿ ಬೀಳಲಿಲ್ಲ.